ವಿಭೂತಿಯ ಹಿಂದಿನ ವಿಳಾಸ

ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಎಲ್ಲಿ ಕಂಪ್ಯೂಟರ್ ಕಂಡರೂ ಮೊದಲು ಅದರ ಹಣೆ ನೋಡುತ್ತೇನೆ. ಬ್ಯಾಂಕಿನ ಸರದಿಯಲ್ಲಿ ನಿಂತಾಗ ಕತ್ತು ಉದ್ದ ಮಾಡಿ ಕೌಂಟರಿನಾಚೆಯ ಪರದೆಯ ಮೇಲ್ತುದಿಯನ್ನು ಇಣುಕುತ್ತೇನೆ. ಮೊನ್ನೆ ಅಲ್ಲಿನ ಹುಡುಗಿ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು, “ಏನ್ ನೋಡ್ತಿದೀರಾ ಮೇಡಂ?” ಎಂದಳು. “ಏನಿಲ್ಲ, ವಿಳಾಸ ಕಾಣುತ್ತಾ ಅಂತ” ಎಂದೆ. ಅವಳು ಕಾವಲುಗಾರನ ಕಡೆ ಒಮ್ಮೆ ನೋಡಿದಳು. ನಾನು ಪಾಸ್‌ಬುಕ್ಕನ್ನು ಮುಖಕ್ಕೆ ಅಡ್ಡ ಹಿಡಿದೆ. ಹುಲ್ಲಹಳ್ಳಿಯಲ್ಲಿ ನಡೆದದ್ದನ್ನು ಅವಳಿಗೆ ವಿವರಿಸಲು ಸರದಿಯಲ್ಲಿ ಸಮಯವಿರಲಿಲ್ಲ. ನಿಮಗೆ ಸಮಯವಿದೆಯೆಂದು ನಂಬಿ ಹೇಳುತ್ತೇನೆ.

ಅದಕ್ಕೆ ಮೊದಲು ನನ್ನ ಹವ್ಯಾಸದ ವಿಚಾರ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳನ್ನು ಬೆಳಕಿಗೆ ಹಿಡಿದು ಬಣ್ಣ ನೋಡುವುದು ನನ್ನ ಉದ್ಯೋಗ. ಭಾನುವಾರ ಮಾತ್ರ ನಾನು ಬೇರೆ ಹೆಂಗಸು. ಕೆಲವರು ಭಾನುವಾರ ಸ್ವೆಟರ್ ಹೆಣೆಯುತ್ತಾರೆ, ಕೆಲವರು ತಾರಸಿಯ ಮೇಲೆ ಸೊಪ್ಪು ಬೆಳೆಯುತ್ತಾರೆ. ನಾನು ಒಂದು ಬ್ರೌಸರನ್ನು ಸಾಕುತ್ತೇನೆ. ಇಂಟರ್‌ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಆ ತಂತ್ರಾಂಶ ನಿಮ್ಮ ಹತ್ತಿರವೂ ಇದೆ. ನಿಮ್ಮದನ್ನು ದೊಡ್ಡ ಕಂಪನಿಯವರು ಸಾಕಿ ಕೊಡುತ್ತಾರೆ. ನನ್ನದು ಮನೆಯಲ್ಲಿ ಸಾಕಿದ್ದು.

“ಇನ್ನೊಬ್ರುದನ್ನ ತಂದು ನಂದು ಅಂತೀಯಲ್ಲ, ಅದೆಂಗೆ?” ಎಂದು ನಮ್ಮತ್ತೆ ಒಮ್ಮೆ ಕೇಳಿದರು. ನ್ಯಾಯವಾದ ಪ್ರಶ್ನೆ. ದೂರದ ಯಾರೋ ಪುಣ್ಯಾತ್ಮರು ಒಂದು ಬ್ರೌಸರಿನ ಒಳಗುಟ್ಟನ್ನೆಲ್ಲ ಬಯಲಲ್ಲಿ ಇಟ್ಟಿದ್ದಾರೆ. ಬೇಕಾದವರು ತೆಗೆದುಕೊಂಡು ತಮಗೆ ಒಗ್ಗುವಂತೆ ಬದಲಾಯಿಸಿಕೊಳ್ಳಬಹುದು. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದು ನಮ್ಮ ಹಾಲಿಗೆ ಹೆಪ್ಪು ಹಾಕಿದ ಹಾಗೆ ಎಂದು ಅತ್ತೆಗೆ ಹೇಳಿದೆ. ಹೆಪ್ಪು ಅವರದು, ಹಾಲು ನಮ್ಮದು, ಬೆಳಿಗ್ಗೆ ಆಗುವ ಮೊಸರೂ ನಮ್ಮದು. ಅತ್ತೆ, “ಅಂಗಾದ್ರೆ ಹುಳಿ ಬಂದ್ರೂ ತಪ್ಪು ನಿಂದೇ” ಎಂದರು. ಆ ತಂತ್ರಾಂಶದ ಪರವಾನಗಿಯಲ್ಲಿ ಪುಟಗಟ್ಟಲೆ ಬರೆದಿರುವುದೂ ಅಷ್ಟೇ.

ಮೊಸರಿಗಿಲ್ಲದ ಒಂದು ತಾಪತ್ರಯ ಇದಕ್ಕಿದೆ. ಮೂಲದವರು ಸುಮ್ಮನಿರುವುದಿಲ್ಲ. ಕೆಲವು ವಾರಗಳಿಗೊಮ್ಮೆ ಎಲ್ಲೋ ಸೋರುತ್ತಿದ್ದ ತೂತು ಮುಚ್ಚಿ, ಹೊಸದನ್ನು ಹೊರಗೆ ಬಿಡುತ್ತಾರೆ. ಅದನ್ನು ತಂದು ನನ್ನ ಬದಲಾವಣೆಗಳನ್ನೆಲ್ಲ ಮತ್ತೆ ಅದರ ಮೇಲೆ ಕೂರಿಸಬೇಕು. ನಾನು ಒಗ್ಗರಣೆ ಸೌಟು ನೇತುಹಾಕಿದ್ದ ಗೋಡೆಯನ್ನೇ ಅವರು ಅಷ್ಟರಲ್ಲಿ ಕೆಡವಿರುತ್ತಾರೆ. ಸೌಟು ಗಾಳಿಯಲ್ಲಿ ತೂಗಾಡುತ್ತಿರುತ್ತದೆ. ನಾನು ಹೊಸ ಮೊಳೆ ಹುಡುಕುತ್ತಿರುತ್ತೇನೆ. ಹಿತ್ತಲಲ್ಲಿ ಒಗೆದ ಬಟ್ಟೆ, ಒಲೆಯ ಮೇಲೆ ಬೇಳೆ, ಮೇಜಿನ ಮೇಲೆ ಹೊಸ ಬ್ರೌಸರು, ಮೂರೂ ನಿಧಾನವಾಗಿ ಆಗುತ್ತಿರುವ ಆ ಭಾನುವಾರದ ಬೆಳಗಿನಷ್ಟು ನೆಮ್ಮದಿ ನನಗೆ ಇನ್ನೆಲ್ಲೂ ಸಿಕ್ಕಿಲ್ಲ. “ಇದ್ರಿಂದ ಒಂದು ಕಾಫಿಪುಡಿ ಪ್ಯಾಕೆಟ್ಟಾದ್ರೂ ಬಂತೇನೇ?” ಎಂದು ನಮ್ಮೆಜಮಾನರು ಪತ್ರಿಕೆಯ ಹಿಂದಿನಿಂದ ಕೇಳುತ್ತಾರೆ. “ನಿಮ್ಮ ಪದಬಂಧದಿಂದ ಬಂದಷ್ಟೇ ಬಂತು ಕಣ್ರೀ” ಎನ್ನುತ್ತೇನೆ. ದಾಂಪತ್ಯ ಸುಸೂತ್ರವಾಗಿದೆ.

ಇದು ಶುರುವಾದದ್ದು ಮಲ್ಲೇಶಣ್ಣನಿಂದ. ನಮ್ಮೆಜಮಾನರ ಕಡೆಯ ದೂರದ ನೆಂಟ. ಹುಲ್ಲಹಳ್ಳಿಯ ಬಸ್ ನಿಲ್ದಾಣದ ಎದುರು ಆನ್‌ಲೈನ್ ಅಂಗಡಿ ಇಟ್ಟಿದ್ದಾನೆ. ಪಹಣಿ ತೆಗೆಸುವವರು, ಕರೆಂಟ್ ಬಿಲ್ ಕಟ್ಟುವವರು, ಮಕ್ಕಳ ಕಾಲೇಜಿನ ಅರ್ಜಿ ಹಾಕಿಸುವವರು ಎಲ್ಲ ಅಲ್ಲಿಗೇ ಬರುತ್ತಾರೆ. ಅವನ ಹಳೆಯ ಕಂಪ್ಯೂಟರಿಗೆ ದೊಡ್ಡ ಕಂಪನಿಗಳ ಬ್ರೌಸರುಗಳು ಒಂದೊಂದಾಗಿ ಕೈಯೆತ್ತಿದವು. “ಮಿಷನ್ ಚೆನ್ನಾಗೇ ಓಡ್ತಾ ಅದೆ ಮೇಡಂ, ಇವ್ರಿಗೇನಂತೆ ದೊಡ್ಡಸ್ತಿಕೆ?” ಎಂದು ನನ್ನ ಹತ್ತಿರ ದೂರಿದ. ನಾನು ಒಂದು ಬ್ರೌಸರಿನಿಂದ ಬೇಡದ್ದನ್ನೆಲ್ಲ ಕಿತ್ತು, ತೂಕ ಇಳಿಸಿ ಕೊಟ್ಟೆ. ಓಡಿತು. ಅವನು ಹೆಡತಲೆಯ ಸ್ನೇಹಿತನಿಗೆ ಹೇಳಿದ; ನಾನು ತವರೂರು ಸೋಸಲೆಗೆ ಹೋದಾಗ ಅಲ್ಲಿನ ಅಂಗಡಿಗೂ ಹಾಕಿದೆ; ಅಲ್ಲಿಂದ ಟಿ. ನರಸೀಪುರಕ್ಕೆ ದಾಟಿತು. ಈಗ ಎರಡೂ ತಾಲ್ಲೂಕುಗಳ ಹತ್ತಾರು ಅಂಗಡಿಯವರು ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಅವರೇ ಸಮುದಾಯ. ನಾನು ಅವರ ಬಿಟ್ಟಿ ಆಳು.

ಸಮುದಾಯ ಎಂದ ಮೇಲೆ ಜಗಳವಿರಬೇಕು. ಮೊದಲ ಜಗಳ ಬ್ರೌಸರ್ ತೆರೆದಾಗ ಯಾವ ಚಿತ್ರ ಕಾಣಬೇಕು ಎಂಬುದರ ಬಗ್ಗೆ. ಮಲ್ಲೇಶಣ್ಣ ನಂಜುಂಡೇಶ್ವರ ಎಂದ. ಹೆಡತಲೆಯವನು ಬುದ್ಧ ಎಂದ. ಸೋಸಲೆಯವರು ಮಠದ ಬಾಗಿಲಿನ ಒಂದು ಒಳ್ಳೆಯ ಫೋಟೋ ಕಳಿಸಿಯೇಬಿಟ್ಟರು. ನಾನು ಜಾಣತನ ಮಾಡಿ ಕಪಿಲಾ ನದಿಯ ಚಿತ್ರ ಹಾಕಿದೆ. ನರಸೀಪುರದವರು, “ಕಾವೇರಿ ಏನ್ ತಪ್ಪು ಮಾಡ್ತು ಮೇಡಂ?” ಎಂದರು. ಕೊನೆಗೆ ಎರಡು ನದಿಗಳೂ ಕೂಡುವ ಜಾಗದ ಚಿತ್ರ ಹಾಕಿ, ಬ್ರೌಸರಿಗೂ ಸಂಗಮ ಎಂದೇ ಹೆಸರಿಟ್ಟೆ. ಮೂಲ ಬ್ರೌಸರಿನವರು ಇಷ್ಟು ಕಷ್ಟಪಟ್ಟು ಹೆಸರಿಟ್ಟಿರಲಾರರು.

ಉಳಿದ ಬೇಡಿಕೆಗಳು ಸಣ್ಣವು. ಮುದ್ರಿಸುವ ಗುಂಡಿ ಅಂಗೈಯಷ್ಟು ದೊಡ್ಡದಿರಲಿ. ವಿಳಾಸ ಹೊಡೆಯಲು ಮೇಲೆ ಮೂಲೆಯಲ್ಲಿ ಹುಡುಕುವುದು ಬೇಡ, ನಡುಮಧ್ಯೆ ಒಂದು ದೊಡ್ಡ ಡಬ್ಬಿ ಇರಲಿ. ಗಿರಾಕಿಗಳು ಅರ್ಜಿ ಸಂಖ್ಯೆ ಬರೆದ ಚೀಟಿ ಕಳೆದುಕೊಂಡು ಬರುತ್ತಾರೆ, ಆದ್ದರಿಂದ ಒಮ್ಮೆ ಹೊಡೆದ ಅರ್ಜಿ ಸಂಖ್ಯೆಯನ್ನು ಬ್ರೌಸರೇ ನೆನಪಿಟ್ಟುಕೊಂಡು ಮುಂದಿನ ಸಲ ತಾನೇ ತುಂಬಲಿ. ಎಲ್ಲ ಮಾಡಿಕೊಟ್ಟೆ.

ಇನ್ನು ಹುಲ್ಲಹಳ್ಳಿಯ ಕಥೆ. ಆಯುಧಪೂಜೆ ಕಳೆದ ವಾರ. ಹೊಸ ಆವೃತ್ತಿ ಹಾಕಿಕೊಡಲು ರಜೆ ಹಾಕಿ ಮಲ್ಲೇಶಣ್ಣನ ಅಂಗಡಿಗೆ ಹೋಗಿದ್ದೆ. ಅವನು ನನ್ನ ಕೈಗೆ ಟೀ ಕೊಟ್ಟು, “ಒಂದೈದ್ ನಿಮಿಷ, ಇವ್ರದೊಂದು ಅರ್ಜೆಂಟು” ಎಂದ. ಅವನ ಎದುರಿನ ಸ್ಟೂಲಿನ ಮೇಲೆ ಪುಟ್ಟತಾಯಮ್ಮ ಕೂತಿದ್ದರು. ಹೆಡತಲೆ ಕಡೆಯವರು, ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಮಗಳು ಭವ್ಯಳಿಗೆ ಮೈಸೂರಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಮಧ್ಯಾಹ್ನದೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ, ಈ ಕೊಂಡಿಯಲ್ಲಿ ಕಟ್ಟಿ ಎಂದು ಬೆಳಿಗ್ಗೆ ಅವರ ಫೋನಿಗೆ ಸಂದೇಶ ಬಂದಿತ್ತು. ಮಗಳ ಓದಿಗೆಂದು ಚೀಟಿ ಎತ್ತಿ ಬ್ಯಾಂಕಿಗೆ ಹಾಕಿದ್ದ ದುಡ್ಡಿನ ಎಟಿಎಂ ಕಾರ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಅವರು ಓಡಿಬಂದಿದ್ದರು.

ಐದಾರು ಅಕ್ಷರದ ಆ ಗಿಡ್ಡ ಕೊಂಡಿಯನ್ನು ಮಲ್ಲೇಶಣ್ಣ ಫೋನ್ ನೋಡಿಕೊಂಡು ನಡುಮಧ್ಯದ ಡಬ್ಬಿಯಲ್ಲಿ ಹೊಡೆದ. ಪುಟ ತೆರೆಯಿತು. ಕಾಲೇಜಿನ ಲಾಂಛನ, ಕಟ್ಟಡದ ಫೋಟೋ, ಬಿಳಿ ಕೋಟಿನ ಹುಡುಗಿಯರ ಸಾಲು, ಎಲ್ಲ ಇದ್ದವು. ಭವ್ಯಳ ಅರ್ಜಿಯನ್ನು ಅವನೇ ಇದೇ ಕಂಪ್ಯೂಟರಿನಲ್ಲಿ ಹಾಕಿದ್ದ. ಆದರೆ ಅರ್ಜಿ ಸಂಖ್ಯೆಯ ಜಾಗ ಖಾಲಿಯೇ ಇತ್ತು, ಬ್ರೌಸರ್ ತುಂಬಲಿಲ್ಲ.

“ಏನ್ ಮೇಡಂ, ನಿಮ್ ಸಂಗಮ ಕೈ ಕೊಡ್ತಲ್ಲ!” ಎಂದ ಮಲ್ಲೇಶಣ್ಣ, ಕಾಯುತ್ತಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ.

ನನಗೆ ನಾಚಿಕೆಯಾಯಿತು. ಹಿಂದಿನ ಸಲ ಮೊಳೆ ಹೊಡೆಯುವಾಗ ಎಲ್ಲಿ ತಪ್ಪಿದೆನೋ ಎಂದು ಮನಸ್ಸಿನಲ್ಲೇ ಹುಡುಕತೊಡಗಿದೆ. ಅವನು “ಓಗ್ಲಿ ಬುಡಿ, ಕೈಯಲ್ಲೇ ಒಡಿತೀನಿ” ಎಂದು ಸಂಖ್ಯೆ ಹೊಡೆದ. ಪುಟ್ಟತಾಯಮ್ಮ ಗಂಟು ಬಿಚ್ಚಿ ಕೊಟ್ಟ ಕಾರ್ಡಿನ ಅಂಕಿಗಳನ್ನೂ ಹೊಡೆದ. ಯಾವ ಪುಟದಲ್ಲಿ ನನ್ನ ಬ್ರೌಸರ್ ಮಾನ ಕಳೆಯಿತು ಎಂದು ತಿಳಿಯಲು ನಾನು ಬಗ್ಗಿ ಮೇಲಿನ ವಿಳಾಸ ನೋಡಿದೆ. ಅಲ್ಲಿ ವಿಳಾಸವಿರಲಿಲ್ಲ. ಮೂರೆಳೆ ವಿಭೂತಿ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಆಯುಧಪೂಜೆಯ ದಿನ ಮಚ್ಚಿಗೂ ಸ್ಕೂಟರಿಗೂ ಕಂಪ್ಯೂಟರಿಗೂ ಒಂದೇ ಗೌರವ. ಮಲ್ಲೇಶಣ್ಣ ವರ್ಷವೂ ಮಾನಿಟರಿನ ಹಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟು, ಒಂದು ಸೇವಂತಿಗೆ ಸಿಕ್ಕಿಸುತ್ತಾನೆ. ಹಳೆಯ ಮಾನಿಟರಿಗೆ ಅಗಲವಾದ ಪ್ಲಾಸ್ಟಿಕ್ ಚೌಕಟ್ಟಿತ್ತು, ಒಳ್ಳೆಯ ಹಣೆ. ಈ ಸಲ ಹಬ್ಬಕ್ಕೆಂದೇ ಅವನು ಹೊಸ ಮಾನಿಟರ್ ತಂದಿದ್ದ. ಈಗಿನ ಮಾನಿಟರುಗಳಿಗೆ ಹಣೆಯೇ ಇರುವುದಿಲ್ಲ; ಅಂಚಿನಿಂದ ಅಂಚಿಗೆ ಬರೀ ಗಾಜು. ಹಣೆಯಿಲ್ಲವೆಂದು ವಿಭೂತಿ ಬಿಡಲಾಗುತ್ತದೆಯೇ? ಗಾಜಿನ ಮೇಲೇ ಎಳೆದಿದ್ದ. ಒಣಗಿ ಅದು ಸುಣ್ಣದ ಗೋಡೆಯ ಹಾಗೆ ಗಟ್ಟಿಯಾಗಿತ್ತು. ಅದರ ಹಿಂದೆ ಎಲ್ಲ ವೆಬ್‌ಸೈಟುಗಳ ವಿಳಾಸವೂ ಒಂದು ವಾರದಿಂದ ಅಡಗಿ ಕೂತಿತ್ತು. ಹೊಡೆಯಲು ನಡುವೆ ದೊಡ್ಡ ಡಬ್ಬಿ ಇದ್ದುದರಿಂದ ಯಾರಿಗೂ ಅದರ ಕೊರತೆ ಕಂಡಿರಲಿಲ್ಲ.

ನಾನು ದುಪಟ್ಟಾದ ತುದಿ ಹಿಡಿದು ಕೈ ಚಾಚಿದೆ. ಮಲ್ಲೇಶಣ್ಣ ಪರದೆಗೆ ಅಡ್ಡ ಬಂದ.

“ಅಯ್ಯಯ್ಯೋ, ಒರಸ್ಬೇಡಿ ಮೇಡಂ! ಪೂಜೇಲಿ ಇಟ್ಟಿದ್ದು. ತಾನಾಗೇ ಉದುರ್ಬೇಕು.”

“ಒಂದ್ ಚೂರು ಕಣಣ್ಣ, ಓದೋದಕ್ಕೆ.”

“ಓದೋದಕ್ಕೆ ಅಂತ ಯಾರಾರ ನಮ್ಮಪ್ಪ ನಂಜುಂಡೇಶ್ವರನ ಅಣೇದ್ನ ಒರಸ್ತಾರಾ?”

ಅಷ್ಟರಲ್ಲಿ ಪುಟ್ಟತಾಯಮ್ಮನ ಫೋನು ಕುಂಯ್‌ಗುಟ್ಟಿತು. ಅವರು ಅದನ್ನು ಕಣ್ಣಿನಿಂದ ದೂರ ಹಿಡಿದು, “ಬಂತು ಕಣಪ್ಪ, ಆ ಒಟಿಪಿನೋ ಏನೋ. ಏಳ್ಲಾ?” ಎಂದರು.

“ಏಳಿ ಏಳಿ.”

“ನಾಕು…”

ಆಗಲೂ ನನಗೆ ಅಪಾಯದ ವಾಸನೆ ಬಡಿದಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಾನು ನೋಡಿದ ಕೂಡಲೇ ಮೋಸ ಹಿಡಿದೆ ಎಂದು ಮಲ್ಲೇಶಣ್ಣ ಈಗ ಊರಿಗೆಲ್ಲ ಹೇಳುತ್ತಿದ್ದಾನೆ. ನನಗಿದ್ದದ್ದು ನನ್ನ ಬ್ರೌಸರಿನ ಮರ್ಯಾದೆಯ ಚಿಂತೆ ಮಾತ್ರ. ವಿಭೂತಿ ಒರೆಸದಿದ್ದರೇನು, ಪುಟವನ್ನೇ ಕೆಳಗೆ ಎಳೆದರಾಯಿತು ಎಂದು ಹೊಳೆಯಿತು. ಅವನ ಕೈಯಿಂದ ಮೌಸ್ ಕಿತ್ತುಕೊಂಡು, ಕಿಟಕಿಯ ಮೇಲ್ತುದಿ ಹಿಡಿದು ಕೆಳಕ್ಕೆ ಜಗ್ಗಿದೆ. ವಿಭೂತಿಯ ಅಡಿಯಿಂದ ವಿಳಾಸ ಜಾರಿಕೊಂಡು ಹೊರಬಂತು. ಅದರಲ್ಲಿ ಕಾಲೇಜಿನ ಹೆಸರಿರಲಿಲ್ಲ. ಕೀಲಿಮಣೆಯ ಮೇಲೆ ಬೆಕ್ಕು ನಡೆದು ಹೋದ ಹಾಗೆ ಒಂದಿಷ್ಟು ಅಕ್ಷರ, ಒಂದಿಷ್ಟು ಅಂಕಿ.

“ಏಳು…” ಎಂದರು ಪುಟ್ಟತಾಯಮ್ಮ.

ಅವರ ಫೋನಿನ ಮೇಲೆ ಅಂಗೈ ಇಟ್ಟು ಮುಚ್ಚಿಬಿಟ್ಟೆ. ಇನ್ನೊಂದು ಕೈಯಲ್ಲಿದ್ದ ಟೀ ಮಲ್ಲೇಶಣ್ಣನ ಬಿಲ್ಲುಗಳ ಮೇಲೆ ಚೆಲ್ಲಿತು.

“ಯಾಕವ್ವ?”

“ಹೇಳ್ಬೇಡಿ ಅಮ್ಮ. ಇದು ಕಾಲೇಜಲ್ಲ.”

ಅವರು ಪರದೆಯನ್ನು ನೋಡಿದರು, ಕಟ್ಟಡವನ್ನು ನೋಡಿದರು, ಬಿಳಿ ಕೋಟಿನ ಹುಡುಗಿಯರನ್ನು ನೋಡಿದರು. “ಕಾಲೇಜು ಕಾಣ್ತಾ ಅದಲ್ಲವ್ವಾ!” ಎಂದರು.

ಅವರ ತಪ್ಪೇನಿದೆ? ನಾವೆಲ್ಲ ಮುಖ ನೋಡಿ ಬಾಗಿಲು ತೆರೆಯುವವರು. ಪುರಾಣಗಳಲ್ಲಿ ವೇಷ ಹಾಕಿಕೊಂಡು ಬಂದವರೆಲ್ಲ ಗೆದ್ದದ್ದು ಒಳಗಿದ್ದವರ ಈ ಗುಣದಿಂದಲೇ. ಬ್ರೌಸರಿಗೆ ಆ ಗುಣವಿಲ್ಲ. ಅದಕ್ಕೆ ಮುಖ ಗೊತ್ತಿಲ್ಲ, ಲಾಂಛನ ಗೊತ್ತಿಲ್ಲ, ಕಟ್ಟಡ ಗೊತ್ತಿಲ್ಲ. ಗೊತ್ತಿರುವುದು ವಿಳಾಸ ಒಂದೇ. ಭವ್ಯಳ ಸಂಖ್ಯೆಯನ್ನು ಅದು ಆ ಒಂದು ವಿಳಾಸಕ್ಕೆಂದು ಎತ್ತಿಟ್ಟಿತ್ತು. ಬೇರೆ ವಿಳಾಸದವರು ಅದೇ ಮುಖ ಹೊತ್ತು ಬಂದರೂ ಕೊಡಲಿಲ್ಲ. ನಮ್ಮ ಮೂವರಲ್ಲಿ, ಬ್ರೌಸರನ್ನೂ ಸೇರಿಸಿದರೆ ನಾಲ್ವರಲ್ಲಿ, ಆ ಹೊತ್ತು ಸರಿಯಾಗಿ ಕೆಲಸ ಮಾಡಿದ್ದು ಅದೊಂದೇ. ಅದನ್ನೇ ನಾವು ಕೆಟ್ಟುಹೋಗಿದೆ ಎಂದುಕೊಂಡಿದ್ದೆವು.

ಕೂಡಲೇ ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ನಿಲ್ಲಿಸಿದೆವು. ಕಾಲೇಜಿನ ನಿಜವಾದ ಪುಟ ತೆರೆದಾಗ ಭವ್ಯಳ ಸಂಖ್ಯೆ ತಾನಾಗಿ ಬಂದು ಕೂತಿತು. ಫೀಸಿಗೆ ಇನ್ನೂ ದಿನಗಳಿದ್ದವು. ಮಲ್ಲೇಶಣ್ಣ ಎದ್ದು ಹೋಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಬಂದು ಕೂತು, ಒಂದು ಚೊಂಬು ನೀರು ಕುಡಿದ. ಪುಟ್ಟತಾಯಮ್ಮ, “ನಾನು ನಾಕು ಏಳು ಅಂತ ಅಂದ್ಬುಟ್ನಲ್ಲವ್ವ, ಅದ್ಕೇನೂ ಆಗಕಿಲ್ವಾ?” ಎಂದು ಕೇಳಿದರು. ಆಗುವುದಿಲ್ಲ, ಪೂರ್ತಿ ಹೇಳಬೇಕು ಎಂದೆ. ಅವರು ಆ ಎರಡು ಅಂಕಿಗಳನ್ನು ವಾಪಸು ನುಂಗುವವರ ಹಾಗೆ ಗುಟುಕರಿಸಿದರು. ಮರುದಿನ ಬ್ಯಾಂಕಿಗೆ ಹೋಗಿ ಚಲನ್ ಮೂಲಕ ಫೀಸು ಕಟ್ಟಿದರು. ಭವ್ಯ ಸೇರಿಕೊಂಡಳು.

ಎಲ್ಲ ಸುಖವಾಗಿ ಮುಗಿಯಿತಲ್ಲ, ಇನ್ನೇನು? ನಮ್ಮೆಜಮಾನರೂ ಹಾಗೇ ಹೇಳುತ್ತಾರೆ. “ಏನೂ ಆಗ್ಲಿಲ್ವಲ್ಲೇ, ಬಿಡು ಇನ್ನ.” ತೊಂದರೆ ಅಲ್ಲೇ ಇದೆ. ಆಗಿಹೋದದ್ದಕ್ಕೆ ಒಂದು ಕೊನೆಯಿರುತ್ತದೆ. ಆಗದೆ ತಪ್ಪಿದ್ದು ಮಾತ್ರ ಮತ್ತೆ ಮತ್ತೆ ಆಗುತ್ತಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಬ್ಯೂರೆಟ್ ಎಂಬ ನಲ್ಲಿಯಿರುವ ನಳಿಕೆಯಿಂದ ಹನಿಯೊಂದು ಬೀಳುತ್ತದೆ, ಇನ್ನೊಂದು ಬೀಳುತ್ತದೆ, ಬಣ್ಣ ತಿರುಗಿರುವುದಿಲ್ಲ. ನನ್ನ ಕಿವಿಯಲ್ಲಿ ‘ನಾಕು… ಏಳು…’ ಎನ್ನುತ್ತದೆ. ನಾನು ನಲ್ಲಿ ಮುಚ್ಚಿ ಕೂತುಬಿಡುತ್ತೇನೆ. ಟೀ ಇನ್ನೂ ಬಿಸಿಯಿದ್ದು ನಾನು ಅದನ್ನು ಊದುತ್ತ ನಿಂತಿದ್ದರೆ? ಮಲ್ಲೇಶಣ್ಣ ನನ್ನನ್ನು ಹೀಯಾಳಿಸದೆ ಇದ್ದಿದ್ದರೆ? ಪುಟ್ಟತಾಯಮ್ಮ ಸರಸರನೆ ಓದುವವರಾಗಿದ್ದರೆ? ಈ ಲೋಕ ನಿಂತಿರುವುದು ಇಷ್ಟು ಕ್ಷುಲ್ಲಕ ಕಾರಣಗಳ ಮೇಲೆಯೇ ಎಂದು ನೆನೆದರೆ ಭಯವಾಗುತ್ತದೆ. ಆದರೂ ನಿಂತಿದೆಯಲ್ಲ ಎಂದು ನೆನೆದರೆ ಸ್ವಲ್ಪ ನಗುವೂ ಬರುತ್ತದೆ.

ಗುಂಪಿನಲ್ಲಿ ವಿಷಯ ಹಾಕಿದೆ. ಎಲ್ಲರೂ ದಯವಿಟ್ಟು ವಿಭೂತಿ, ಕುಂಕುಮ, ಹೂವುಗಳನ್ನು ಮಾನಿಟರಿನ ಕೆಳಗಡೆ ಇಡಿ ಎಂದು ಬರೆದೆ. ನಂಜನಗೂಡಿನಿಂದ ಸೋಸಲೆಯವರೆಗೆ ಯಾರೂ ಒಪ್ಪಲಿಲ್ಲ. “ಅಣೇಗೆ ಅಚ್ಚೋದನ್ನ ಗಲ್ಲಕ್ಕೆ ಅಚ್ಚಕ್ಕಾಯ್ತದಾ ಮೇಡಂ?” ಎಂದು ಮಲ್ಲೇಶಣ್ಣ ಧ್ವನಿ ಸಂದೇಶ ಕಳಿಸಿದ. ಚಿತ್ರದ ವಿಷಯದಲ್ಲಿ ಅವನೊಡನೆ ಕಾದಾಡಿದ್ದ ಹೆಡತಲೆಯವನೂ, “ಅಣ್ಣ ಏಳೋದು ಸರಿ” ಎಂದ. ನಾನು ಎರಡು ದಿನ ವಾದಿಸಿದೆ. ಮೂರನೆಯ ದಿನ ಜ್ಞಾನೋದಯವಾಯಿತು. ಹಣೆ ಎಲ್ಲಿರಬೇಕೆಂದು ಜನ ತೀರ್ಮಾನಿಸಿ ತುಂಬ ಕಾಲವಾಗಿದೆ. ವಿಳಾಸ ಎಲ್ಲಿರಬೇಕೆಂಬುದು ಮೊನ್ನೆ ಮೊನ್ನೆಯ ಮಾತು. ಇಬ್ಬರಲ್ಲಿ ಕಿರಿಯರು ಸರಿದು ಕೂರುವುದು ಮರ್ಯಾದೆ.

ಹಾಗಾಗಿ ಸಂಗಮದಲ್ಲಿ ಈಗ ವಿಳಾಸ ಕೆಳಗಿದೆ. ಅದನ್ನು ಮೇಲಿನಿಂದ ಕೆಳಕ್ಕೆ ಇಳಿಸಲು ನನ್ನ ಎಷ್ಟು ಭಾನುವಾರಗಳು ಹೋದವು ಎಂದು ಕೇಳಬೇಡಿ. ಒಂದು ಭಾನುವಾರ ಬೇಳೆ ತಳ ಹಿಡಿದದ್ದನ್ನು ಮಾತ್ರ ಅತ್ತೆ ಮರೆತಿಲ್ಲ. ಜೊತೆಗೆ ವಿಳಾಸದ ಪಕ್ಕ ಕನ್ನಡದಲ್ಲಿ ದಪ್ಪಕ್ಷರದ ಒಂದು ಸಾಲು ಬರುತ್ತದೆ. ಗೊತ್ತಿರುವ ಜಾಗವಾದರೆ ‘ಪರಿಚಯ ಉಂಟು’ ಎಂದು ಹೇಳಿ ಅದರ ಹೆಸರು ಹೇಳುತ್ತದೆ. ಇಲ್ಲದಿದ್ದರೆ ‘ಪರಿಚಯ ಇಲ್ಲ’ ಎನ್ನುತ್ತದೆ. ಯಾವುದಕ್ಕೆ ಪರಿಚಯ ಉಂಟು ಎಂದು ತೀರ್ಮಾನಿಸುವುದು ನಾನಲ್ಲ. ಒಂದು ಅಂಗಡಿಯವರು ವಿಳಾಸ ಸೂಚಿಸಬೇಕು, ನದಿಯ ಆಚೆ ದಡದ ಇನ್ನೊಂದು ಅಂಗಡಿಯವರು ಆ ಕಚೇರಿಗೋ ಕಾಲೇಜಿಗೋ ಕೇಳಿ ನೋಡಿ ಹೂಂ ಎನ್ನಬೇಕು. ಹೆಣ್ಣು ಕೊಡುವಾಗ ವಿಚಾರಿಸಿದ ಹಾಗೆ ವಿಚಾರಿಸುತ್ತಾರೆ. ತಡವಾಗುತ್ತದೆ, ಕೆಲವೊಮ್ಮೆ ಮನಸ್ತಾಪವೂ ಆಗುತ್ತದೆ.

ಇದರಿಂದ ಏನಾದರೂ ಉಪಯೋಗವಾಯಿತೇ ಎಂದು ನನಗೆ ಬಹಳ ದಿನ ಗೊತ್ತಾಗಲಿಲ್ಲ. ಮೊನ್ನೆ ಇನ್ನೊಂದು ಆವೃತ್ತಿ ಹಾಕಲು ಹುಲ್ಲಹಳ್ಳಿಗೆ ಹೋಗಿದ್ದೆ. ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಪುಟ್ಟತಾಯಮ್ಮ ಬಂದರು, ಭವ್ಯಳ ಪರೀಕ್ಷೆ ಫೀಸು ಕಟ್ಟಲು. ಹೊಸ ಕಾರ್ಡು, ಹೊಸ ಗಂಟು. ಹಿಂದೆ ಸಣ್ಣ ಸರದಿ. ಫೋನು ಕುಂಯ್‌ಗುಟ್ಟಿತು.

“ಏಳಿ ಅಮ್ಮೋ, ನಂಬ್ರು” ಎಂದ ಮಲ್ಲೇಶಣ್ಣ.

ಪುಟ್ಟತಾಯಮ್ಮ ಹೇಳಲಿಲ್ಲ. ಫೋನನ್ನು ಸೆರಗಿನಡಿ ಮುಚ್ಚಿಕೊಂಡು, ಸ್ಟೂಲಿನಿಂದ ಎದ್ದು, ಮೇಜಿನ ಮೇಲೆ ಬಗ್ಗಿ, ಪರದೆಯ ಕೆಳತುದಿಗೆ ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದತೊಡಗಿದರು. “ಪ… ರಿ… ಚ… ಯ…”

“ಎಲ್ಲಾ ಸರ್ಯಾಗದೆ ಕಣಮ್ಮ, ನಾನ್ ನೋಡಿವ್ನಿ.”

“ನೀನು ಅವತ್ತೂ ನೋಡಿದ್ದೆ ಕಣ್ಲಾ, ಸುಮ್ನಿರು.”

ಸರದಿಯಲ್ಲಿದ್ದವರು ನಕ್ಕರು. ಹಿಂದಿನಿಂದ ಪಂಚೆಯ ಗಂಡಸೊಬ್ಬರು, “ಬೇಗ ಮುಗ್ಸವ್ವೋ, ಬಸ್ಸು ಓಯ್ತದೆ” ಎಂದರು. ಎದುರಿಗೆ ನಂಜನಗೂಡಿನ ಬಸ್ಸು ಹಾರನ್ ಹೊಡೆಯುತ್ತ ನಿಂತಿತ್ತು.

“ಓಗ್ಲಿ ಬುಡಪ್ಪ, ಇನ್ನೊಂದು ಬತ್ತದೆ” ಎಂದರು ಪುಟ್ಟತಾಯಮ್ಮ. ತಲೆಯೆತ್ತದೆ ಬೆರಳನ್ನು ಮುಂದಿನ ಅಕ್ಷರಕ್ಕೆ ಸರಿಸಿದರು.

ಬಸ್ಸು ಹೋಯಿತು. ನಾನೂ ಅದರಲ್ಲೇ ಹೋಗಬೇಕಿತ್ತು. ಆದರೆ ಸಾಲು ಇನ್ನೂ ಮುಗಿದಿರಲಿಲ್ಲ, ಮತ್ತು ಅಷ್ಟು ನಿಧಾನವಾಗಿ, ಅಷ್ಟು ಚೆನ್ನಾಗಿ ಓದುವುದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಬಾಗಿಲಲ್ಲೇ ನಿಂತು ಕೊನೆಯ ಅಕ್ಷರದವರೆಗೂ ಕೇಳಿಸಿಕೊಂಡೆ.